ಮೈ ಒದರದ ಟಗರು

ಕೆಂಪರಾಜು ಮೈಸೂರುಪಾಕಿನ ಡಬ್ಬಿ ಹಿಡಿದು ಗೇಟು ತೆಗೆದ ಕೂಡಲೇ ಭಾಗ್ಯಲಕ್ಷ್ಮಿಗೆ ಅನುಮಾನ ಬಂತು. ಈ ಗಂಡಸು ಬರಿಗೈಯಲ್ಲಿ ಬಂದ ದಿನ ಮನೆಗೆ ಕ್ಷೇಮ. ಸಿಹಿ ತಂದನೆಂದರೆ ಯಾರದೋ ಬಾಯಿ ಮುಚ್ಚಿಸುವುದಿದೆ ಎಂದೇ ಅರ್ಥ, ಮತ್ತು ಆ ಮನೆಯಲ್ಲಿ ಮುಚ್ಚಿಸಬೇಕಾದ ಬಾಯಿ ಇದ್ದದ್ದು ಒಂದೇ. ಅವಳನ್ನು ಒಂದು ಮಾತೂ ಕೇಳದೆ ಈ ಸೈಟು ಕೊಂಡ ದಿನ ಜಿಲೇಬಿ ಬಂದಿತ್ತು. ಮೇಲೊಂದು ಮಹಡಿ ಎಬ್ಬಿಸೋಣ ಅಂದ ದಿನ ಬಾದಾಮಿ ಹಲ್ವ.

“ಇನ್‌ಚಾರ್ಜ್ ಮಾಡವ್ರೆ ಕಣೇ ಭಾಗ್ಯ,” ಎಂದ, ಚಪ್ಪಲಿ ಬಿಡುವುದಕ್ಕೂ ಮೊದಲೇ. “ಪ್ಯಾಕಿಂಗ್ ಸೆಕ್ಷನ್ ಪೂರ್ತಿ ನಂದೇಯ. ಗಾಜಿನ ಕ್ಯಾಬಿನ್ನು. ಮ್ಯಾನೇಜರ್ ಸಾಹೇಬ್ರು ಎಲ್ರು ಎದುರ್ಗೂ ಕೈ ಕುಲುಕುದ್ರು.”

“ಸಂತೋಸ. ಬಂಡೂರಿಗೆ ಓಗೋದು?”

“ಬಂಡೂರು ಎಲ್ಲೋಯ್ತದೆ? ಅಲ್ಲೇ ಇರ್ತದೆ. ಯುಗಾದಿ ಕಳೀಲಿ, ನೋಡನ.”

ಅವಳು ಡಬ್ಬಿಯನ್ನು ತೆಗೆಯದೆ ಫ್ರಿಜ್ಜಿನ ಮೇಲಿಟ್ಟಳು. ‘ಯುಗಾದಿ ಕಳೀಲಿ’ ಎಂಬ ಮಾತನ್ನು ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಮದುವೆಯಾದ ಹೊಸದರಲ್ಲಿ ಅವನು ಅದನ್ನು ಹೇಳುತ್ತಿದ್ದ ರೀತಿಯೇ ಬೇರೆ. ಆಗ ಇಬ್ಬರೂ ಮಂಡ್ಯದ ಒಂದು ವಠಾರದ ಮನೆಯಲ್ಲಿದ್ದರು. ಬಿಸಿಲಿಗೆ ಕಾದ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಕೂತು, ಒಂದಿಷ್ಟು ವರ್ಷ ನೌಕರಿ ಮಾಡಿ ಬಿಟ್ಟುಬಿಡುವುದು, ಅವಳ ತವರು ಬಂಡೂರಿನಲ್ಲಿ ಕುರಿ ಮಂದೆ ಕಟ್ಟುವುದು, ಅಪ್ಪಟ ಬಂಡೂರು ತಳಿ ಬೇಕಾದವರು ಅವರ ಮನೆ ಹುಡುಕಿಕೊಂಡು ಬರಬೇಕು, ಎಂದು ಮಾತಾಡಿಕೊಂಡಿದ್ದರು. ಮಾತು ತೆಗೆದದ್ದು ಅವಳಾದರೂ ಕೊಟ್ಟಿಗೆಗೆ ಗಾಳಿ ಯಾವ ಕಡೆಯಿಂದ ಬರಬೇಕು ಎನ್ನುವವರೆಗೂ ಯೋಚಿಸಿದ್ದು ಅವನು. ಆ ಹುಡುಗನನ್ನು ನಂಬಿಯೇ ಅವಳು ಇಷ್ಟು ವರ್ಷ ಈ ಗಂಡಸಿನ ಜೊತೆ ಸಂಸಾರ ಮಾಡಿದ್ದು.

ಈಗ ಅವರಿದ್ದದ್ದು ಹೊಳಲು ರಸ್ತೆಯ ಲೇಔಟಿನಲ್ಲಿ. ಕಬ್ಬಿನ ಗದ್ದೆಗೆ ಕೆಮ್ಮಣ್ಣು ಸುರಿದು ಮಾಡಿದ ಲೇಔಟು. ಕಮಾನಿಗೆ ಇಂಗ್ಲಿಷ್ ಹೆಸರು, ಪಾರ್ಕಿಗೆ ಬಿಟ್ಟ ಜಾಗದಲ್ಲಿ ಆಳೆತ್ತರ ಪಾರ್ಥೇನಿಯಂ. ಎಲ್ಲ ಮನೆಗೂ ಒಂದೇ ನಮೂನೆಯ ಸ್ಟೀಲ್ ಗೇಟು, ಎಲ್ಲ ಗೇಟಿನ ಹಿಂದೆಯೂ ಒಂದು ಸ್ಕೂಟರು, ಒಂದು ತುಳಸಿಕಟ್ಟೆ, ಮಾತಿಲ್ಲದ ಒಬ್ಬ ಗಂಡ, ಒಬ್ಬಳು ಹೆಂಡತಿ. ಮಗಳು ತೇಜು ಮಳವಳ್ಳಿಯ ವಸತಿ ಶಾಲೆ ಸೇರಿದ ಮೇಲೆ ಭಾಗ್ಯಲಕ್ಷ್ಮಿಗೆ ಅಲ್ಲಿ ಹಗಲು ಹೊತ್ತು ಮಾತಾಡಲು ಸಿಕ್ಕಿದ್ದು ಇಬ್ಬರೇ. ಒಬ್ಬರು ಅತ್ತೆ ಪುಟ್ಟಮಾದಮ್ಮ. ಇನ್ನೊಬ್ಬ ದುಂಡ.

ದುಂಡ ಅಂದರೆ ಟಗರು. ಮೋಟು ಕಾಲು, ತುಂಬಿದ ಮೈ, ಕಂದು ಮುಖ. ಕುರಿ ಬಲ್ಲವರು ಹಿಂದಿನಿಂದ ಒಮ್ಮೆ ನೋಡಿ “ಅಬ್ಬಾ” ಅನ್ನಬೇಕು, ಹಾಗಿದ್ದ. ಹೋದ ವರ್ಷ ಅವಳು ಹಟ ಹಿಡಿದಿದ್ದಳು, ಈ ಸಲ ಯುಗಾದಿ ಕಳೆದ ಮೇಲೆ ಹೋಗಲೇಬೇಕೆಂದು. ಅವಳಪ್ಪ ಚಿಕ್ಕಬೋರಯ್ಯ ತನ್ನ ಜಮೀನಿನಲ್ಲಿ ಜಾಗ ತೋರಿಸಿದ್ದ, ಹೆಣ್ಣು ಕುರಿಗಳನ್ನು ತಾನೇ ಕೊಡುತ್ತೇನೆಂದಿದ್ದ. ಕೆಂಪರಾಜು ರಜೆ ಸಿಕ್ಕಾಗಲೆಲ್ಲ ಬಂಡೂರಿಗೆ ಹೋಗಿ, ನೆಲದಿಂದ ಸೊಂಟದೆತ್ತರಕ್ಕೆ ಹಲಗೆ ಹೊಡೆದು ಅಟ್ಟಣೆ ಕೊಟ್ಟಿಗೆ ಕಟ್ಟಿದ. ಸುತ್ತಿಗೆ ಏಟಿಗೆ ಹೆಬ್ಬೆರಳ ಉಗುರು ಕಪ್ಪಾಗಿ ಬಿದ್ದುಹೋಗಿತ್ತು. ಕೊಟ್ಟಿಗೆ ಪೂರ್ತಿ ಮುಗಿಯುವ ಮೊದಲೇ, ದೀಪಾವಳಿ ಹೊತ್ತಿಗೆ, ಈ ಟಗರು ಮರಿಯನ್ನು ಆಟೊದಲ್ಲಿ ಹಾಕಿಕೊಂಡು ಮನೆಗೇ ತಂದ.

“ನಮ್ ಮಂದೆಗಾ?” ಎಂದಿದ್ದಳು ಅವಳು. ಖುಷಿಗೆ ಅವಳ ದನಿಯೇ ಒಡೆದಿತ್ತು.

“ಹೂಂ,” ಅಂದಿದ್ದ ಕೆಂಪರಾಜು.

ಆ ಒಂದು ‘ಹೂಂ’ ಮೇಲೆ ಅವಳು ದುಂಡನನ್ನು ಸಾಕಿದಳು. ಹುರುಳಿ ನೆನೆಹಾಕಿ ತಿನ್ನಿಸಿದಳು, ಹೊಳಲಿನವರ ಬದುವಿನಿಂದ ಹುಲ್ಲು ಕೊಯ್ದು ತಂದಳು. ಲೇಔಟಿನ ಸಂಘದವರು ವಾಟ್ಸಾಪಿನಲ್ಲಿ ‘ನಿವಾಸಿಗಳು ಜಾನುವಾರು ಕಟ್ಟುವಂತಿಲ್ಲ’ ಎಂದು ಹಾಕಿದಾಗ, ‘ಸಂಘದ ಕಾರ್ಯದರ್ಶಿಗಳ ನಾಯಿ ನಮ್ಮ ಗೇಟಿಗೆ ಕಾಲೆತ್ತುವುದನ್ನು ನಿಲ್ಲಿಸಲಿ, ಆಮೇಲೆ ನೋಡೋಣ’ ಎಂದು ಉತ್ತರ ಹಾಕಿದಳು. ಮರಿ ಬಂದಾಗಲೇ ಅದರ ಕೊರಳಲ್ಲಿ ಅರಿಶಿನದ ಬಟ್ಟೆಯ ಒಂದು ಗಂಟಿತ್ತು. ಬಂಡೂರಿನಲ್ಲಿ ಒಳ್ಳೆಯ ತಳಿ ಟಗರಿಗೆ ದೃಷ್ಟಿಯಾಗದಿರಲೆಂದು ಅಂಥದ್ದು ಕಟ್ಟುತ್ತಾರೆ. ಬಟ್ಟೆ ಮಾಸಿದಾಗ ಅವಳೇ ಹೊಸದಾಗಿ ಅರಿಶಿನದಲ್ಲದ್ದಿ ಕಟ್ಟಿದಳು. ಗಂಟಿನೊಳಗೆ ಒಂದು ರೂಪಾಯಿಯ ಬಿಲ್ಲೆ ಇತ್ತು. ಅದನ್ನೂ ಹಾಗೇ ಸುತ್ತಿಟ್ಟಳು.

ಇನ್‌ಚಾರ್ಜ್ ಆದ ವಾರದೊಳಗೆ ಕೆಂಪರಾಜು ಊಟದ ಮಾತು ತೆಗೆದ. ಹೊಳಲು ಅವನ ಹುಟ್ಟೂರು. ಊರಾಚೆಯ ಮಾರಮ್ಮನಿಗೆ ಒಂದು ಹರಕೆಯಂತೆ. ಬರುವ ಮಂಗಳವಾರ ಕಾರ್ಖಾನೆಗೆ ರಜೆ, ಮಾರಮ್ಮನಿಗೂ ಅದೇ ವಾರ. ಸೋಮನಹಳ್ಳಿ ಕಾರ್ಖಾನೆಯಿಂದ ಮ್ಯಾನೇಜರು ಬರುತ್ತಾರೆ, ಸೆಕ್ಷನ್ನಿನವರು ಬರುತ್ತಾರೆ, ಲೇಔಟಿನವರನ್ನೂ ಕರೆದಿದ್ದೇನೆ, ಎಂದ.

“ಮರಿ ಯಾರತ್ರ ತತ್ತೀರಿ?” ಎಂದು ಕೇಳಿದಳು.

“ಅದ್ನ ನಾನ್ ನೋಡ್ಕತೀನಿ ಬುಡು,” ಎಂದು ಸ್ನಾನಕ್ಕೆ ಹೋದ. ಉತ್ತರ ಕೊಡಲಾಗದ ಪ್ರಶ್ನೆ ಬಂದಾಗಲೆಲ್ಲ ಅವನಿಗೆ ಮೈ ಕೊಳೆಯಾಗುತ್ತಿತ್ತು.

ಮಂಗಳವಾರ ಬೆಳಗ್ಗೆ ಅವಳು ಹುರುಳಿಯ ಬೋಸಿ ಹಿಡಿದು ಹಿತ್ತಿಲಿಗೆ ಹೋದರೆ ಗೂಟ ಖಾಲಿ. ಪುಟ್ಟಮಾದಮ್ಮ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

“ಅತ್ತೆ, ದುಂಡ ಎಲ್ಲಿ?”

“ಈಗ್ತಾನೆ ಇಡ್ಕಂಡ್ ಓದ ಕಣವ್ವ, ಗುಡಿ ತಾವ್ಕೆ. ಮೈ ತೊಳ್ದು ಊ ಕಟ್ಬೇಕಲ್ಲ.”

“ದುಂಡನ್ನಾ? ಅದು ತಳಿಗೆ ಬುಟ್ಟಿರೋದು ಅತ್ತೆ!”

ಪುಟ್ಟಮಾದಮ್ಮ ಸೊಸೆಯ ಮುಖವನ್ನು ಪಿಳಿಪಿಳಿ ನೋಡಿದರು. ಅವರಲ್ಲಿ ಕಪಟವಿರಲಿಲ್ಲ, ಅದೇ ಇನ್ನೂ ಕಷ್ಟ. “ಯಾವ್ ತಳಿ? ತರುವಾಗ್ಲೇ ಅಮ್ಮುಂಗೆ ಅಂತ ಮುಡುಪು ಕಟ್ಕಂಡ್ ತಂದವ್ನೆ. ಮೇಲಿನ್ ಕೆಲ್ಸ ಆದ್ರೆ ಈ ಮರಿ ನಿಂದೇ ತಾಯಿ ಅಂತ ನನ್ ಮುಂದೇನೇ ಗುಡೀಲಿ ಕೈ ಮುಗ್ದ. ನಿಂಗ್ ಯೋಳಿಲ್ವಾ? ಆ ಬಟ್ಟೇನ ನೀನೇ ಒಸ್ದಾಗಿ ಕಟ್ದೆಯಲ್ಲ ಮಗ, ಗೊತ್ತದೆ ಅನ್ಕಂಡೆ.”

ಬೋಸಿಯನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಾಗಲಿಲ್ಲ. ತರುವಾಗಲೇ! ದೀಪಾವಳಿಯಲ್ಲಿ! ಕೊಟ್ಟಿಗೆಯ ಹಲಗೆಗೆ ಇವನು ಇನ್ನೂ ಮೊಳೆ ಹೊಡೆಯುತ್ತಿದ್ದ ದಿನಗಳವು. ಒಂದು ರಜೆಗೆ ಬಂಡೂರಿಗೆ ಬಂದು ಬೆವರು ಸುರಿಸಿದ, ಮುಂದಿನ ರಜೆಗೆ ಮಾರಮ್ಮನ ಮುಂದೆ ನಿಂತು ಬಂಡೂರಿಗೆ ಹೋಗದಿರುವ ಹಾಗೆ ಮಾಡು ಎಂದು ಬೇಡಿಕೊಂಡ. ‘ನಮ್ ಮಂದೆಗಾ’ ಎಂದು ಅವಳು ಹಲ್ಲು ಬಿಟ್ಟಾಗ, ಇಲ್ಲ ಎನ್ನಲು ನಾಲಿಗೆ ಬರಲಿಲ್ಲ, ‘ಹೂಂ’ ಅಂದುಬಿಟ್ಟ. ಅಷ್ಟೇ ಅಷ್ಟು. ದುಷ್ಟನಾಗಿದ್ದರೆ ಒಂದು ದಾರಿಯಿತ್ತು, ಬೈದು ಬಿಟ್ಟು ಹೋಗಬಹುದಿತ್ತು. ಇವನು ದುಷ್ಟನೂ ಅಲ್ಲವಲ್ಲ! ಅವಳಿಗೆ ಅಳುವಿಗಿಂತ ಮೊದಲು ಮೈಯೆಲ್ಲ ಉರಿ ಬಂತು. ತನ್ನ ಕೈಯಾರೆ ಅರಿಶಿನ ಹಚ್ಚಿ ಕಟ್ಟಿದ ಗಂಟು ನೆನಪಾಗಿ ತನ್ನ ಮೇಲೂ ಬಂತು.

ಸೀರೆ ಕೂಡ ಬದಲಿಸದೆ ನಡೆದಳು. ಹಿಂದಿನಿಂದ ಅತ್ತೆ, “ನಿಧಾನ ಕಣವ್ವ, ನಾನೂ ಬತ್ತೀನಿ,” ಎಂದು ಏದುಸಿರು ಬಿಡುತ್ತ ಬಂದರು.

ಗುಡಿಯ ಮುಂದೆ ಪ್ರಾಣಿ ಕಡಿಯಬಾರದೆಂದು ಬೋರ್ಡಿದೆ. ಆದ್ದರಿಂದ ಎಲ್ಲರೂ ಬೋರ್ಡಿಗೆ ಮರ್ಯಾದೆ ಕೊಟ್ಟು ಅದರಿಂದ ಆಚೆಗಿನ ಹೊಂಗೆ ಮರದಡಿ ಕಡಿಯುತ್ತಾರೆ. ಅಲ್ಲಿ ಶಾಮಿಯಾನ ಎದ್ದಿತ್ತು. ಪಾತ್ರೆ ತಂದಿದ್ದ ಲಗೇಜ್ ಆಟೊ ಪಕ್ಕದಲ್ಲಿ ನಿಂತಿತ್ತು. ಮುದ್ದೆಗೆ ಎಸರು ಕುದಿಯುತ್ತಿತ್ತು, ಹೆಂಗಸರು ಮಸಾಲೆ ರುಬ್ಬಿ ಮುಗಿಸಿ ಕೈ ತೊಳೆಯುತ್ತಿದ್ದರು. ಮ್ಯಾನೇಜರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬಿಳಿ ಅಂಗಿಗೆ ಹೊಗೆ ತಾಗದಂತೆ ಕುರ್ಚಿ ಸರಿಸಿಕೊಳ್ಳುತ್ತಿದ್ದರು. ಮರದಡಿ ದುಂಡ, ಕೊರಳಿಗೆ ಚೆಂಡು ಹೂವಿನ ಹಾರ, ಹಣೆಗೆ ಕುಂಕುಮ. ಅವಳನ್ನು ಕಂಡದ್ದೇ ಮೆಲ್ಲಗೆ ಅರಚಿದ. ಬೆಳಗಿನ ಹುರುಳಿ ಅವನಿಗೆ ಸಿಕ್ಕಿರಲಿಲ್ಲ.

“ಇಲ್ಲಿ ಬೇಡ ಕಣೇ,” ಎಂದ ಕೆಂಪರಾಜು, ಅವಳು ಬಾಯಿ ತೆರೆಯುವ ಮೊದಲೇ. “ಮನೇಲಿ ಮಾತಾಡನ. ಸಾಹೇಬ್ರು ಅವ್ರೆ.”

“ದೀಪಾವಳೀಲೇ ಹರಕೆ ಮಾಡ್ಕಂಡ್ರಂತೆ?”

“ಆಗ ಕೆಲ್ಸ ಆಯ್ತದೆ ಅಂತ ಯಾರಿಗ್ ಗೊತ್ತಿತ್ತು? ಆಗ್ದೆ ಇದ್ದಿದ್ರೆ ಮರಿ ನಿಂದೇ ಆಯ್ತಿತ್ತು.”

ಇದನ್ನು ಕೇಳಿ ಅವಳಿಗೆ ನಗುವೇ ಬಂತು. ಅಂದರೆ ಅವಳ ಮಂದೆ, ಅವಳ ಬಂಡೂರು, ತಾರಸಿಯ ಮೇಲಿನ ಆ ಮಾತು, ಎಲ್ಲವೂ ಇವನಿಗೆ ಕ್ಯಾಬಿನ್ ಸಿಗದಿದ್ದರೆ ಎಂದು ಇಟ್ಟುಕೊಂಡದ್ದು!

ಅಷ್ಟರಲ್ಲಿ ಪೂಜಾರಿ ನಾಗಯ್ಯ ತಂಬಿಗೆ, ಬೇವಿನ ಸೊಪ್ಪು ಹಿಡಿದು ಬಂದ. ಆ ಸೀಮೆಯಲ್ಲಿ ಹರಕೆಯ ಮರಿಯನ್ನು ಸುಮ್ಮನೆ ಕಡಿಯುವುದಿಲ್ಲ. ಮೈಮೇಲೆ ತೀರ್ಥ ಹಾಕುತ್ತಾರೆ. ಮರಿ ಮೈ ಒದರಿ ನೀರು ಕೊಡವಿದರೆ ಅಮ್ಮ ಒಪ್ಪಿದಳು ಎಂದರ್ಥ, ಆಮೇಲೆಯೇ ಕತ್ತಿ. ಒದರುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಸಾಮಾನ್ಯವಾಗಿ ಇದೆಲ್ಲ ಕ್ಷಣದ ಕೆಲಸ. ತಣ್ಣೀರು ಬಿದ್ದರೆ ಯಾವ ಕುರಿ ಒದರುವುದಿಲ್ಲ?

ನಾಗಯ್ಯ ನೆತ್ತಿಯಿಂದ ಬೆನ್ನಿನುದ್ದಕ್ಕೂ ನೀರು ಬಿಟ್ಟ. ದುಂಡ ಕೊರಳ ಹಾರದಿಂದ ಒಂದು ಚೆಂಡು ಹೂವು ಕಿತ್ತು ಅಗಿಯತೊಡಗಿದ.

ಇನ್ನೊಮ್ಮೆ ಬಿಟ್ಟ. ದುಂಡ ಇನ್ನೊಂದು ಹೂವು ತಿಂದ. ಯಾರೋ ನಕ್ಕರು. ಕತ್ತಿ ಹಿಡಿದವನು ಅದನ್ನು ಕೆಳಗಿಟ್ಟು ಬೀಡಿ ಹಚ್ಚಿದ. ಇನ್ನೆರಡು ಸಲ ನೀರು ಬಿದ್ದ ಮೇಲೆ ನಗು ನಿಂತಿತು. ಎಸರಿನ ಮುಂದೆ ಕೂತಿದ್ದ ಹೆಂಗಸರು ಎದ್ದು ಬಂದರು. ಮ್ಯಾನೇಜರು ಗಡಿಯಾರ ನೋಡಿಕೊಂಡು, “ಏನಾದ್ರೂ ಪ್ರಾಬ್ಲಮ್ಮಾ?” ಎಂದರು.

ನಾಗಯ್ಯ ತಂಬಿಗೆ ಇಳಿಸಿದ. “ಮನೆಯೋರ್ದು ಯಾರ್ದೋ ಮನ್ಸು ಸರಿ ಇಲ್ಲ. ಯಾರ್ ಮನ್ಸಲ್ಲಾದ್ರೂ ಏನಾದ್ರೂ ಇದ್ರೆ ಯೋಳ್ಬುಡಿ. ಇಟ್ಕಂಡ್ರೆ ಅಮ್ಮ ಒಪ್ಪಾಕಿಲ್ಲ.”

ಅಷ್ಟೂ ಜನ ಭಾಗ್ಯಲಕ್ಷ್ಮಿಯ ಕಡೆ ತಿರುಗಿದರು. ಗಂಡನ ಮನಸ್ಸಲ್ಲಿ ಏನಾದರೂ ಇದ್ದೀತು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ, ಹರಕೆ ಅವನದು, ಮನಸ್ಸು ಕೆಡಿಸಿಕೊಳ್ಳುವ ಕೆಲಸ ಹೆಂಗಸಿನದು.

“ಒಪ್ಕಂಡೆ ತಾಯಿ ಅಂದ್ಬುಡವ್ವ,” ಎಂದು ಪುಟ್ಟಮಾದಮ್ಮ ಅವಳ ಕೈ ಹಿಡಿದರು. “ಒಂದ್ ಮಾತು. ಬಂದೋರು ಅಸ್ಕಂಡವ್ರೆ.”

ಹೇಳುವುದು ಸುಲಭವಿತ್ತು. ಅವಳು ಇಷ್ಟು ವರ್ಷ ಹೇಳಿಕೊಂಡೇ ಬಂದಿದ್ದಳು. ಸೈಟಿಗೆ ಸರಿ ಅಂದಳು, ಮನೆಗೆ ಸರಿ ಅಂದಳು, ಒಂದೊಂದು ಯುಗಾದಿಗೂ ಸರಿ ಅಂದಳು. ಈ ಒಂದು ಮಾತು ಹೇಳಿದರೆ ದುಂಡ ಒದರುತ್ತಾನೆ, ಊಟವಾಗುತ್ತದೆ, ಸಂಜೆ ಮನೆಗೆ ಹೋಗಿ ಪಾತ್ರೆ ತೊಳೆಯುವುದು, ನಾಳೆ ಬೆಳಗ್ಗೆ ಅದೇ ಗೇಟು. ಬಂಡೂರಿನ ಕೊಟ್ಟಿಗೆಯಲ್ಲಿ ಅಪ್ಪ ಸೌದೆ ತುಂಬುತ್ತಾನೆ. ಟಗರು ಸಾಯುತ್ತದೆಂಬ ದುಃಖ ಅವಳದಲ್ಲ. ಕುರಿ ಸಾಕುವವರ ಮಗಳು ಅವಳು, ಬಾಡಿನ ಸಾರು ತಿಂದೇ ಬೆಳೆದವಳು. ಇದಾದ ಮೇಲೆ ತಾನು ಇನ್ನೆಂದೂ ಬಂಡೂರಿನ ಮಾತೆತ್ತುವುದಿಲ್ಲವೆಂದು ಅವಳಿಗೆ ಗೊತ್ತಾಗಿಹೋಗಿತ್ತು.

“ನನ್ ಮನ್ಸಲ್ಲಿ ಅದೆ,” ಎಂದಳು. “ಬೇಕಾದಷ್ಟು ಅದೆ. ಇವತ್ ಕೇಳುದ್ರಲ್ಲ, ಅದೇ ದೊಡ್ಡದು.”

ಶಾಮಿಯಾನದೊಳಗೆ ಗುಸುಗುಸು ಎದ್ದಿತು. ಎಲ್ಲರ ಕಣ್ಣೂ ಅವಳ ಮೇಲಿರುವಾಗ, ಕೆಂಪರಾಜು ಟಗರಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಸಮಾಧಾನ ಮಾಡುವವನಂತೆ ಅದರ ತಲೆ ಸವರಿದ. ಕುರಿಯ ಕಿವಿಯ ಹತ್ತಿರ ಯಾರ ಕೈ ಏನು ಮಾಡುತ್ತದೆಂದು ಬಂಡೂರಿನವಳಿಗೆ ಹೇಳಿಕೊಡಬೇಕೆ? ತಂಬಿಗೆಯಲ್ಲಿ ಅದ್ದಿ ತೆಗೆದ ಅವನ ಅಂಗೈಯಿಂದ ನೀರು ಸೊರ್ರನೆ ಕಿವಿಯೊಳಗೆ ಇಳಿದದ್ದನ್ನು ಅವಳು ನೋಡಿದಳು. ದುಂಡ ತಲೆಯಿಂದ ಬಾಲದವರೆಗೆ ಪಟಪಟನೆ ಒದರಿದ.

“ಒಪ್ಪುದ್ಲು! ಅಮ್ಮ ಒಪ್ಪುದ್ಲು!” ಎಂದು ಜನ ಕೂಗಿದರು. ಬೀಡಿ ಎಸೆದು ಕತ್ತಿಯವನು ಎದ್ದ. ಕೆಂಪರಾಜು ನಿಟ್ಟುಸಿರು ಬಿಟ್ಟು ಮ್ಯಾನೇಜರ ಕಡೆ ನೋಡಿ ನಕ್ಕ.

“ಒಪ್ಪಿಲ್ಲ,” ಎಂದಳು ಭಾಗ್ಯಲಕ್ಷ್ಮಿ, ದುಂಡನ ಹಗ್ಗಕ್ಕೆ ಕೈ ಹಾಕಿ. “ಕಿವೀಗೆ ನೀರ್ ಉಯ್ದವ್ರೆ. ನಾನ್ ಕಂಡೆ.”

“ಲೇ, ಮಾನ ಕಳೀಬೇಡ್ವೇ!”

“ನಾನೆಲ್ ಕಳೆದೆ? ಉಯ್ದಿಲ್ಲ ಅಂತ ಗುಡಿ ಕಡೆ ಕೈ ಮಾಡಿ ಯೋಳಿ. ನಾನೇ ಕತ್ತಿ ಎತ್ಕೊಡ್ತೀನಿ.”

ಪುಟ್ಟಮಾದಮ್ಮ ಸೊಸೆಯ ಕೈ ಬಿಟ್ಟು ಮಗನ ಮುಂದೆ ಹೋಗಿ ನಿಂತರು. ಸೊಸೆಯನ್ನು ಗದರಿಸುತ್ತಾರೆಂದು ಎಲ್ಲರೂ ಕಾದರು. ಆದರೆ ಮುದುಕಿಗೆ ಮಗನಿಗಿಂತ ಮಾರಮ್ಮನ ಭಯ ದೊಡ್ಡದಿತ್ತು.

“ಉಯ್ದ್ಯೇನ್ಲಾ?”

ಕೆಂಪರಾಜು ಮ್ಯಾನೇಜರನ್ನು ನೋಡಿದ, ಕತ್ತಿಯವನನ್ನು ನೋಡಿದ, ತನ್ನ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹೆಂಡತಿಗೆ ‘ಹೂಂ’ ಎಂದು ಸುಳ್ಳು ಹೇಳಿದಷ್ಟು ಸಲೀಸಾಗಿ ಮಾರಮ್ಮನಿಗೆ ‘ಇಲ್ಲ’ ಎನ್ನಲು ಅವನಿಂದ ಆಗಲಿಲ್ಲ.

“ಒಂಚೂರ್ ಬಿತ್ತು ಕಣವ್ವ,” ಎಂದ.

ನಾಗಯ್ಯ ಯಾರನ್ನೂ ಹತ್ತಿರ ಬಿಡದೆ ತಾನೇ ಒಂದು ತಂಬಿಗೆ ನೀರು ಪೂರ್ತಿ ಬೆನ್ನಿಗೆ ಸುರಿದ. ದುಂಡ ಭಾಗ್ಯಲಕ್ಷ್ಮಿಯ ಸೆರಗನ್ನು ಮೂಸುತ್ತ ಹುರುಳಿ ಹುಡುಕಿದ, ಮೈ ಮಾತ್ರ ಒದರಲಿಲ್ಲ. “ಅಮ್ಮ ಒಲ್ಲೆ ಅಂದವ್ಳೆ,” ಎಂದು ನಾಗಯ್ಯ ಕೈ ಮುಗಿದ. “ಇನ್ ಇದ್ನ ಕಡಿಯಂಗಿಲ್ಲ, ಮಾರಂಗಿಲ್ಲ. ಮಂದೆಗ್ ಬುಡ್ಬೇಕು. ಓಗಿ ಕೋಳಿ ತನ್ನಿ, ಒತ್ತಾಯ್ತು.”

ಮಂದೆಗೆ ಬಿಡಬೇಕು! ಆ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಹಗ್ಗ ಬಿಚ್ಚಿದಳು. ಪಾತ್ರೆಯ ಆಟೊದವನು ಮರದ ನೆರಳಲ್ಲಿ ಮೊಬೈಲು ನೋಡುತ್ತ ಕೂತಿದ್ದ. “ಬಂಡೂರಿಗೆ ಬತ್ತೀಯೇನಪ್ಪ?” ಎಂದು ಕೇಳಿದಳು. ಅವನು ಟಗರನ್ನು ನೋಡಿ, ಅವಳ ಮುಖ ನೋಡಿ, ಹಿಂದಿನ ಬಾಗಿಲು ಇಳಿಸಿದ. ದುಂಡನ ಹಿಂಭಾಗಕ್ಕೆ ಭುಜ ಕೊಟ್ಟು ತಳ್ಳಿ ಹತ್ತಿಸಿದಳು. ಅವನ ಪಕ್ಕದಲ್ಲೇ, ಪಾತ್ರೆ ಕಟ್ಟಿದ್ದ ಗೋಣಿಯ ಮೇಲೆ, ತಾನೂ ಹತ್ತಿ ಕೂತಳು. ಹಾರದಲ್ಲಿ ಇನ್ನೂ ಅರ್ಧ ಹೂವು ಉಳಿದಿತ್ತು. ಅರಿಶಿನದ ಗಂಟನ್ನು ಬಿಚ್ಚಿ ಅತ್ತೆಯ ಕೈಗೆ ಕೊಟ್ಟಳು.

“ಇದು ಅಮ್ಮುಂದು. ಉಂಡಿಗ್ ಹಾಕ್ಬುಡಿ ಅತ್ತೆ.”

“ಓಗು ಮಗ,” ಎಂದರು ಪುಟ್ಟಮಾದಮ್ಮ, ಯಾರಿಗೂ ಕೇಳಿಸದ ಹಾಗೆ.

ಕೆಂಪರಾಜು ಓಡಿ ಬಂದ. ಹೊಸ ಅಂಗಿಯ ಮೇಲೆ ಕುಂಕುಮದ ನೀರು ಹರಿದಿತ್ತು. ಆಟೊದ ಅಂಚು ಹಿಡಿದು ನಿಂತ. ಬೆರಳಲ್ಲಿ ಹೊಸ ಉಗುರು ಸೊಟ್ಟಗೆ ಬೆಳೆದಿತ್ತು.

“ಕೊಟ್ಟಿಗೆ ಕಟ್ಟಿದ್ದು ಸುಳ್ಳಲ್ಲ ಕಣೇ,” ಎಂದ. ದನಿ ಇಳಿದಿತ್ತು. “ನಂಗೂ ಆಸೆ ಇತ್ತು. ಮಾರಮ್ಮನಾಣೆ ಇತ್ತು. ಎರಡೂ ಬೇಕಿತ್ತು ನಂಗೆ. ಭಯ ಆಯ್ತು, ಅಷ್ಟೇಯ.”

ಸುಳ್ಳಲ್ಲವೆಂದು ಅವಳಿಗೂ ಗೊತ್ತಿತ್ತು. ತಾರಸಿಯ ಮೇಲಿನ ಹುಡುಗ ಅಲ್ಲೇ ಎಲ್ಲೋ ಆ ಒದ್ದೆ ಅಂಗಿಯೊಳಗೆ ಇದ್ದಾನೆಂದು ಅನ್ನಿಸಿತು. ಅವನನ್ನು ಕೈ ಹಿಡಿದು ಮೇಲೆ ಎಳೆದುಕೊಳ್ಳೋಣವೆಂದು ಕೈ ಚಾಚಿಯೇಬಿಟ್ಟಳು.

“ಅತ್ತಿ ಮತ್ತೆ. ಜಾಗ ಅದೆ.”

ಕೆಂಪರಾಜು ಹಿಂದೆ ತಿರುಗಿ ನೋಡಿದ. ಮ್ಯಾನೇಜರು ಕುರ್ಚಿಯಿಂದ ಎದ್ದು ನಿಂತಿದ್ದರು. ಅವನ ಕೈ ಆಟೊದ ಅಂಚಿನಿಂದ ತಾನಾಗಿಯೇ ಜಾರಿತು.

“ಇವತ್ತಾ? ಸಾಹೇಬ್ರು ಊಟ...” ಎಂದ. ಆಮೇಲೆ, “ನೀನ್ ಯಾವಾಗ್ ಬತ್ತೀಯೆ?”

ಭಾಗ್ಯಲಕ್ಷ್ಮಿ ಚಾಚಿದ್ದ ಕೈಯನ್ನು ಹಿಂದಕ್ಕೆ ತಂದು ದುಂಡನ ಒದ್ದೆ ಬೆನ್ನ ಮೇಲಿಟ್ಟಳು.

“ಯುಗಾದಿ ಕಳೀಲಿ,” ಎಂದಳು.

ಆಟೊ ಹೊರಟಿತು. ಯಾವ ಯುಗಾದಿ ಎಂದು ಅವನು ಕೇಳಲಿಲ್ಲ. ಇಷ್ಟು ವರ್ಷ ಅವಳೂ ಕೇಳಿರಲಿಲ್ಲ.